ಯುರೋಪ್ ಪ್ರವಾಸಕ್ಕೆ ವೀಸಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರವಾಸಿ ವೀಸಾ ಕುರಿತು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಷೆಂಗೆನ್ ವೀಸಾದ ಬಗೆಗೇ ಇದ್ದುದರಿಂದ ಈ ಸಂಚಿಕೆಯನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಫ್ರಾನ್ಸ್, ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್ ಸೇರಿ 29 ದೇಶಗಳಿಗೆ ಈ ಒಂದೇ ವೀಸಾ ಸಾಕು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿ ಇಲ್ಲ, ಅವಕ್ಕೆ ಬೇರೆ ವೀಸಾ ಬೇಕು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಅಲ್ಲಿರುವಂತಿಲ್ಲ.

ಪ್ಯಾರಿಸ್‌ನಲ್ಲಿ 4 ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ 4 ರಾತ್ರಿ, ಇಟಲಿಯಲ್ಲಿ 3 ರಾತ್ರಿ ಇರುತ್ತೇವೆ. ಯಾವ ದೇಶಕ್ಕೆ ಅರ್ಜಿ ಹಾಕಬೇಕು? ಬೇಗ ಸ್ಲಾಟ್ (ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್) ಸಿಗುವ ದೇಶಕ್ಕೆ ಹಾಕಿ ಎನ್ನುತ್ತಾರೆ ನಮ್ಮ ಏಜೆಂಟರು. — ದಾವಣಗೆರೆ

ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಯಾವ ದೇಶದ ಗಡಿಯಲ್ಲಿ ಒಳಗೆ ಹೋಗುತ್ತೀರೋ ಅದಕ್ಕೆ. ನೇರವಾಗಿ ಪ್ಯಾರಿಸ್‌ಗೆ ಇಳಿಯುವುದಾದರೆ ಫ್ರಾನ್ಸ್, ಜ್ಯೂರಿಕ್‌ಗೆ ಇಳಿಯುವುದಾದರೆ ಸ್ವಿಟ್ಜರ್ಲೆಂಡ್. ಆದರೆ ಹೀಗೆ ಸಮ ಬರುವಂತೆ ಬಿಡುವುದಕ್ಕಿಂತ ಒಂದು ಕಡೆ ಒಂದು ರಾತ್ರಿ ಹೆಚ್ಚಿಸಿಬಿಡಿ, ತಕರಾರಿಗೆ ಜಾಗವೇ ಇರುವುದಿಲ್ಲ.

ಸ್ಲಾಟ್ ಸಿಗುತ್ತದೆಂದು ಹೋಗದ ದೇಶದಲ್ಲಿ ಐದಾರು ರಾತ್ರಿ ಹೋಟೆಲ್ ಕಾಯ್ದಿರಿಸಿ ಅರ್ಜಿ ಹಾಕುವುದು, ವೀಸಾ ಬಂದ ಮೇಲೆ ಅದನ್ನೆಲ್ಲ ರದ್ದು ಮಾಡುವುದು: ಈ ಸಲಹೆ ಕೊಡುವವರು ನಿಮ್ಮ ಜೊತೆ ವಿಮಾನ ನಿಲ್ದಾಣಕ್ಕೆ ಬರುವುದಿಲ್ಲ. ವೀಸಾ ಕೈಯಲ್ಲಿದ್ದರೂ ಒಳಗೆ ಬಿಡುವ ತೀರ್ಮಾನ ಗಡಿಯ ಅಧಿಕಾರಿಯದು. ಇಟಲಿ ಕೊಟ್ಟ ವೀಸಾ ಹಿಡಿದು ಇಟಲಿಗೆ ಹೋಗುವ ಯೋಜನೆಯೇ ಇಲ್ಲದೆ ಪ್ಯಾರಿಸ್‌ನಲ್ಲಿ ಇಳಿದರೆ ಅವರು ಹೋಟೆಲ್ ಕಾಗದ ಕೇಳಬಹುದು, ವೀಸಾ ರದ್ದು ಮಾಡಲೂಬಹುದು.

ಅಡಿಕೆ ಬೆಳೆಗಾರರು ನಾವು. ಐಟಿ ರಿಟರ್ನ್ಸ್ ಇಲ್ಲ, ಸಂಬಳದ ಚೀಟಿ ಇಲ್ಲ, ಪಹಣಿ ನಮ್ಮ ತಂದೆಯ ಹೆಸರಿನಲ್ಲಿದೆ. ವೀಸಾ ಸಿಗುವುದೇ? — ತೀರ್ಥಹಳ್ಳಿ

ಸಿಗುತ್ತದೆ. ಕಾಯಂ ತೋಟ, ಊರಿನಲ್ಲಿ ಮನೆ, ವರ್ಷವರ್ಷವೂ ಕೊಯ್ಲಿಗೆ ಇರಲೇಬೇಕಾದ ಕೆಲಸ. ಹಿಂತಿರುಗಿ ಬರುತ್ತೀರೆಂದು ತೋರಿಸಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ತೊಂದರೆ ಏನೆಂದರೆ, ಕಡತ ನೋಡುವ ಅಧಿಕಾರಿಗೆ ಅಡಿಕೆ ವ್ಯವಹಾರ ಗೊತ್ತಿರುವುದಿಲ್ಲ. ಅದನ್ನು ಕಾಗದದಲ್ಲಿ ಬಿಡಿಸಿ ಹೇಳಬೇಕು.

ಮೊದಲು ಆದಾಯ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಅದಕ್ಕಾಗಿ ರಿಟರ್ನ್ಸ್ ಸಲ್ಲಿಸಿಲ್ಲ ಎಂದು ಕವರಿಂಗ್ ಲೆಟರಿನಲ್ಲಿ ಒಂದು ವಾಕ್ಯ ಬರೆಯಿರಿ. ಬರೆಯದೆ ಬಿಟ್ಟರೆ ರಿಟರ್ನ್ಸ್ ಇಲ್ಲದ್ದು ಕೊರತೆಯಾಗಿ ಕಾಣುತ್ತದೆ. ಅದರ ಬದಲಿಗೆ ಕ್ಯಾಂಪ್ಕೊ, ಮ್ಯಾಮ್ಕೋಸ್‌ನಂಥ ಸಹಕಾರ ಸಂಸ್ಥೆ ಅಥವಾ ನೀವು ಅಡಿಕೆ ಹಾಕುವ ಮಂಡಿಯ ಮಾರಾಟ ಪಟ್ಟಿಗಳನ್ನು ಇಡಿ, ಎರಡು ವರ್ಷದ್ದು ಇದ್ದರೆ ಒಳ್ಳೆಯದು.

ಈಗ ನಿಮ್ಮಂಥವರು ಎಡವುವ ಜಾಗ. ಬೆಲೆ ಬರಲಿ ಎಂದು ಅಡಿಕೆ ಇಟ್ಟುಕೊಂಡು ಒಮ್ಮೆಗೆ ಮಾರುತ್ತೀರಿ. ಖಾತೆಯಲ್ಲಿ ನಾಲ್ಕು ತಿಂಗಳು ಏನೂ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ಆರು ಲಕ್ಷ. ಅಡಿಕೆ ಗೊತ್ತಿಲ್ಲದವರ ಕಣ್ಣಿಗೆ ಇದು ವೀಸಾಕ್ಕಾಗಿ ಯಾರಿಂದಲೋ ಸಾಲ ತಂದು ತುಂಬಿದ ಹಣದ ಹಾಗೆಯೇ ಕಾಣುತ್ತದೆ. ಅದಕ್ಕೆ ಸ್ಟೇಟ್‌ಮೆಂಟಿನಲ್ಲಿ ಆ ಜಮೆಯ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ದಿನಾಂಕದ, ಅದೇ ಮೊತ್ತದ ಮಾರಾಟ ಪಟ್ಟಿಯನ್ನು ಅದರ ಹಿಂದೆಯೇ ಜೋಡಿಸಿ. ಪಟ್ಟಿಯ ಮೊತ್ತಕ್ಕೂ ಜಮೆಗೂ ವ್ಯತ್ಯಾಸವಿದ್ದರೆ (ಮುಂಗಡವನ್ನೋ ಸಾಲದ ಕಂತನ್ನೋ ಮುರಿದುಕೊಂಡಿರುತ್ತಾರೆ) ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಹಣವನ್ನು ನಗದಾಗಿ ತಂದು ಖಾತೆಗೆ ಕಟ್ಟಬೇಡಿ, ಮಂಡಿಯಿಂದ ನೇರ ಖಾತೆಗೇ ಬರಲಿ.

ಸಹಕಾರ ಸಂಘದ ಕೈಬರಹದ ಪಾಸ್‌ಪುಸ್ತಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ವ್ಯವಹಾರವನ್ನು ಒಂದು ಬ್ಯಾಂಕ್ ಖಾತೆಗೆ ತಂದು, ಅಲ್ಲಿಯ ಮೊಹರು, ಸಹಿ ಇರುವ ಸ್ಟೇಟ್‌ಮೆಂಟ್ ಪಡೆಯಿರಿ. ಮೂರು ತಿಂಗಳದ್ದು ಕೇಳಿದರೂ ನೀವು ಆರು ತಿಂಗಳದ್ದನ್ನು ಕೊಡುವುದು ಒಳ್ಳೆಯದು, ವರ್ಷಕ್ಕೊಮ್ಮೆ ಬರುವ ಆದಾಯ ಮೂರು ತಿಂಗಳಲ್ಲಿ ಕಾಣಿಸದೇ ಹೋಗಬಹುದು. ಕಿಸಾನ್ ಕ್ರೆಡಿಟ್ ಕಾರ್ಡಿನ ಖಾತೆಯನ್ನು ಉಳಿತಾಯವೆಂದು ತೋರಿಸಬೇಡಿ, ಅದು ಸಾಲ.

ಪಹಣಿ ತಂದೆಯ ಹೆಸರಿನಲ್ಲಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ತೋಟದ ಉತ್ಪನ್ನದಲ್ಲಿ ನಿಮಗೆ ಪಾಲಿದೆ ಎಂದು ತಂದೆಯವರಿಂದ ಸಹಿ ಮಾಡಿದ ಪತ್ರ ಇಡಿ. ಪಹಣಿ, ವಂಶವೃಕ್ಷ ಎರಡೂ ಕನ್ನಡದಲ್ಲಿರುತ್ತವೆ. ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ಸಹಿ ಹಾಕಿಸಿ, ಮೂಲದ ಜೊತೆಗೇ ಲಗತ್ತಿಸಿ. ಎಕರೆ-ಗುಂಟೆ ಅವರಿಗೆ ತಿಳಿಯದು, ಅನುವಾದದಲ್ಲಿ ಹೆಕ್ಟೇರ್ ಲೆಕ್ಕವನ್ನೂ ಕೊಡಿ. ಒಂದು ಎಕರೆ ಎಂದರೆ ಸುಮಾರು 0.4 ಹೆಕ್ಟೇರ್.

ಕೊನೆಯದಾಗಿ ಒಂದು ಎಚ್ಚರಿಕೆ. ಮಕ್ಕಳ ವಿದ್ಯಾರ್ಥಿವೇತನಕ್ಕೆ ಮಾಡಿಸಿದ ಆದಾಯ ಪ್ರಮಾಣಪತ್ರ ಮನೆಯಲ್ಲಿ ಇದೆಯೆಂದು ಅದನ್ನೂ ಕಡತಕ್ಕೆ ಸೇರಿಸಿಬಿಡುವವರಿದ್ದಾರೆ. ಅದರಲ್ಲಿ ವರ್ಷಕ್ಕೆ ಕೆಲವೇ ಸಾವಿರ ಆದಾಯ ಎಂದಿದ್ದು, ಖಾತೆಯಲ್ಲಿ ಲಕ್ಷಗಳಿದ್ದರೆ ಎರಡರಲ್ಲಿ ಒಂದು ಸುಳ್ಳು ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಕಾಗದಗಳು ಒಂದನ್ನೊಂದು ಅಲ್ಲಗಳೆಯಬಾರದು. ನಿರಾಕರಣೆಗೆ ಹಣದ ಕೊರತೆಗಿಂತ ಇದೇ ಹೆಚ್ಚು ಕಾರಣವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಖಾತೆಯಲ್ಲಿ ಎಷ್ಟು ಹಣವಿರಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. — ಹುಬ್ಬಳ್ಳಿ

ಎಲ್ಲ ದೇಶಕ್ಕೂ ಅನ್ವಯಿಸುವ ಒಂದೇ ಮೊತ್ತವಿಲ್ಲ. ದಿನಕ್ಕೆ ಇಷ್ಟು ಎಂದು ದೇಶಗಳು ನಿಗದಿ ಮಾಡುತ್ತವೆ. ಫ್ರಾನ್ಸ್ ಹೋಟೆಲ್ ಕಾಯ್ದಿರಿಸಿದವರಿಗೆ ತಲಾ 65 ಯೂರೋ, ಕಾಯ್ದಿರಿಸದವರಿಗೆ 120 ಯೂರೋ ಕೇಳುತ್ತದೆ. ಸ್ವಿಟ್ಜರ್ಲೆಂಡ್ ತಲಾ 100 ಸ್ವಿಸ್ ಫ್ರಾಂಕ್. ಗಂಡ-ಹೆಂಡತಿ 10 ದಿನ ಫ್ರಾನ್ಸಿಗೆ ಹೋಟೆಲ್ ಕಾಯ್ದಿರಿಸಿ ಹೋದರೆ 1,300 ಯೂರೋ, ಯೂರೋಗೆ 100 ರೂಪಾಯಿಯಂತೆ ಹಿಡಿದರೆ 1 ಲಕ್ಷ 30 ಸಾವಿರ. ಇದು ಕನಿಷ್ಠ ಮಟ್ಟ. ವಿಮಾನ ಮತ್ತು ಹೋಟೆಲಿನ ಖರ್ಚು ಬೇರೆ.

ಆದರೆ ಅಧಿಕಾರಿ ನೋಡುವುದು ಕೊನೆಯ ಸಾಲಿನ ಮೊತ್ತವನ್ನಷ್ಟೇ ಅಲ್ಲ. ತಿಂಗಳಿಗೆ 40 ಸಾವಿರ ಸಂಬಳ ಬರುವವರು 5 ಲಕ್ಷದ ಪ್ರವಾಸಕ್ಕೆ ಹೊರಟರೆ, ಇದ್ದ ಉಳಿತಾಯವೆಲ್ಲ ಅದಕ್ಕೇ ಹೋದರೆ, ಹಿಂತಿರುಗುವ ಬಗ್ಗೆ ಅನುಮಾನ ಹುಟ್ಟುತ್ತದೆ. ಪ್ರವಾಸ ಮುಗಿದ ಮೇಲೂ ಖಾತೆಯಲ್ಲಿ ಸಾಕಷ್ಟು ಉಳಿಯುವಂತಿರಲಿ. ಅರ್ಜಿಗೆ ಒಂದು ವಾರ ಮೊದಲು ಭಾವಮೈದುನನ ಖಾತೆಯಿಂದ 3 ಲಕ್ಷ ತರಿಸಿಕೊಳ್ಳುವುದು ಲಾಭಕ್ಕಿಂತ ಹಾನಿಯನ್ನೇ ಮಾಡುತ್ತದೆ. ಎಫ್‌ಡಿ ಇದ್ದರೆ ಮುರಿಯದೆ ರಸೀದಿಯ ಪ್ರತಿ ಇಡಿ.

ವೀಸಾ ಬರುವ ಮೊದಲೇ ಟಿಕೆಟ್ ತೆಗೆಯಬೇಕೇ? ಡಮ್ಮಿ ಟಿಕೆಟ್ ಸಾಕೇ? ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು? — ಮೈಸೂರು

ಹಣ ಕಟ್ಟಿದ ಟಿಕೆಟ್ ಕಡ್ಡಾಯವಲ್ಲ, ಹೋಗಿ ಬರುವ ಎರಡೂ ಕಡೆಯ ಕಾಯ್ದಿರಿಸುವಿಕೆ ಸಾಕು. ಆದರೆ ಅದು ನಿಜವಾದದ್ದಿರಬೇಕು. ಕೆಲವು ನೂರು ರೂಪಾಯಿಗೆ ಮಾರುವ ಡಮ್ಮಿ ಟಿಕೆಟಿನ ಪಿಎನ್‌ಆರ್ ಎರಡು-ಮೂರು ದಿನದಲ್ಲಿ ಸತ್ತುಹೋಗುತ್ತದೆ. ಕಡತ ಕಾನ್ಸುಲೇಟಿನ ಮೇಜಿಗೆ ಬರುವುದು ಅದಕ್ಕಿಂತ ತಡವಾಗಿ. ಆಗ ಯಾರಾದರೂ ಪರಿಶೀಲಿಸಿದರೆ ಅಂಥ ಪ್ರಯಾಣಿಕರೇ ಇಲ್ಲ ಎಂದು ಬರುತ್ತದೆ. ತೀರ್ಮಾನ ಬರುವತನಕ ಜೀವಂತವಾಗಿರುವ ಕಾಯ್ದಿರಿಸುವಿಕೆ ಬೇಕು. ಹಣ ವಾಪಸ್ ಬರುವ ದರದ ಟಿಕೆಟ್ ತೆಗೆದರೆ ಕೊಂಚ ದುಬಾರಿಯಾದರೂ ನೆಮ್ಮದಿ. ಹೋಟೆಲನ್ನು ಉಚಿತ ರದ್ದತಿಯ ಷರತ್ತಿನಲ್ಲಿ ಕಾಯ್ದಿರಿಸಿ, ಎಲ್ಲ ಪ್ರಯಾಣಿಕರ ಹೆಸರೂ ಅದರಲ್ಲಿರಲಿ. ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದರೆ ಉಳಿದವರು ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ ಬರುತ್ತದೆ.

ಅರ್ಜಿಯನ್ನು ಪ್ರಯಾಣದ ದಿನಕ್ಕೆ 6 ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಕ್ಕಿಂತ ಈಚೆಗೂ ತರಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹಿಡಿಯಬಹುದು. ಈ ದಿನಗಳ ಲೆಕ್ಕಕ್ಕಿಂತ ಕಷ್ಟದ್ದು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು. ಏಪ್ರಿಲ್-ಮೇ ರಜೆಗೆ ಹೋಗುವವರು ಜನವರಿಯಲ್ಲೇ ಸ್ಲಾಟ್ ನೋಡಿ, ಆಮೇಲೆ ಆಫೀಸಿನಲ್ಲಿ ರಜೆ ಕೇಳಿ.

ಶುಲ್ಕ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಆರು ತುಂಬದ ಮಕ್ಕಳಿಗೆ ಇಲ್ಲ. ಇದರ ಮೇಲೆ ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ಸಿಗದಿದ್ದರೆ ಯಾವುದೂ ಹಿಂದಕ್ಕೆ ಬರುವುದಿಲ್ಲ. ಕೌಂಟರಿನಲ್ಲಿ ಪ್ರೀಮಿಯಂ ಲೌಂಜ್, ಎಸ್‌ಎಂಎಸ್, ಕೊರಿಯರ್ ಎಂದು ಸೇರಿಸುತ್ತಾ ಹೋಗುತ್ತಾರೆ. ಕೊರಿಯರ್ ಹೊರ ಊರಿನವರಿಗೆ ಉಪಯುಕ್ತ. ಉಳಿದವು ಬೇಕಿಲ್ಲ, ಅವುಗಳಿಂದ ತೀರ್ಮಾನ ಬದಲಾಗುವುದಿಲ್ಲ. ಕೇಂದ್ರದವರು ಕಾಗದ ತೆಗೆದುಕೊಳ್ಳುತ್ತಾರೆ ಅಷ್ಟೆ, ತೀರ್ಮಾನ ಕಾನ್ಸುಲೇಟಿನದು.

ಮಗ ಮ್ಯೂನಿಕ್‌ನಲ್ಲಿದ್ದಾನೆ. ನಾವಿಬ್ಬರೂ ನಿವೃತ್ತರು, ಎರಡು ತಿಂಗಳು ಅವನ ಮನೆಯಲ್ಲಿರಬೇಕೆಂದಿದ್ದೇವೆ. ಅವನ ಆಹ್ವಾನ ಪತ್ರ ಸಾಕೇ? — ಕುಂದಾಪುರ

ಖರ್ಚು ಮಗನದಾದರೆ ಬರೀ ಪತ್ರ ಸಾಲದು. ಅವರ ಊರಿನ ವಿದೇಶೀಯರ ಕಚೇರಿಯಲ್ಲಿ ‘ಫೆರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೆರುಂಗ್’ ಎಂಬ ಹೊಣೆಗಾರಿಕೆ ಪತ್ರ ಮಾಡಿಸಬೇಕು. ನಿಮ್ಮ ವಾಸ್ತವ್ಯ, ಚಿಕಿತ್ಸೆ, ವಾಪಸಾತಿ ಎಲ್ಲದರ ಖರ್ಚಿಗೂ ತಾನು ಹೊಣೆ ಎಂದು ಕಾನೂನುಬದ್ಧವಾಗಿ ಒಪ್ಪಿಕೊಳ್ಳುವುದು ಅದು. ಶುಲ್ಕ 29 ಯೂರೋ. ಆ ಕಚೇರಿಯ ಅಪಾಯಿಂಟ್‌ಮೆಂಟಿಗೂ ವಾರಗಟ್ಟಲೆ ಕಾಯಬೇಕಾಗುತ್ತದೆ, ಹಾಗಾಗಿ ಇಲ್ಲಿ ಸ್ಲಾಟ್ ಹುಡುಕುವ ಮೊದಲು ಅಲ್ಲಿಂದ ಶುರು ಮಾಡಿ. ಮೂಲಪ್ರತಿಯನ್ನೇ ಕೊರಿಯರ್ ಮಾಡಲಿ, ವಾಟ್ಸಾಪಿನಲ್ಲಿ ಬಂದ ಚಿತ್ರ ನಡೆಯುವುದಿಲ್ಲ. ಜೊತೆಗೆ ಅವರ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯ ಪ್ರತಿ, ನಿಮ್ಮ ಸಂಬಂಧ ತೋರಿಸುವ ಜನನ ಪ್ರಮಾಣಪತ್ರ ಇರಲಿ.

ಪಿಂಚಣಿ ಪಾವತಿ ಆದೇಶ, ಪಿಂಚಣಿ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟ್, ಮನೆಯ ಕಂದಾಯ ರಸೀದಿ ಇವನ್ನು ಬಿಡಬೇಡಿ. ಖರ್ಚು ಮಗ ನೋಡಿಕೊಂಡರೂ ಊರಿನಲ್ಲಿ ನಿಮಗೊಂದು ನೆಲೆ ಇದೆ ಎಂದು ತೋರಿಸುವುದು ನಿಮ್ಮದೇ ಕೆಲಸ. ಇಲ್ಲಿ ಇನ್ನೊಬ್ಬ ಮಗನೋ ಮಗಳೋ ಇದ್ದರೆ ಅದನ್ನೂ ಬರೆಯಿರಿ.

ವಿಮೆಯ ಬಗ್ಗೆ ಹಿರಿಯರು ವಿಶೇಷವಾಗಿ ಗಮನಿಸಬೇಕು. ಕನಿಷ್ಠ 30,000 ಯೂರೋ ಮೊತ್ತ, ಎಲ್ಲ ಷೆಂಗೆನ್ ದೇಶಗಳಿಗೆ ಅನ್ವಯ, ತುರ್ತು ಚಿಕಿತ್ಸೆ ಮತ್ತು ಊರಿಗೆ ವಾಪಸ್ ಕರೆತರುವ ಖರ್ಚು ಸೇರಿರಬೇಕು, ಹೊರಡುವ ದಿನದಿಂದ ಬರುವ ದಿನದವರೆಗೆ ಒಂದು ದಿನವೂ ತಪ್ಪಬಾರದು. ವೀಸಾಕ್ಕೆ ಇಷ್ಟು ಸಾಕು. ನಿಮಗೆ ಸಾಕೇ ಎಂಬುದು ಬೇರೆ ಮಾತು. ಕಡಿಮೆ ಪ್ರೀಮಿಯಂನ ಅನೇಕ ಪಾಲಿಸಿಗಳು ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗದಿಂದ ಬಂದ ತೊಂದರೆಗೆ ಹಣ ಕೊಡುವುದಿಲ್ಲ. ಕಾಯಿಲೆಯನ್ನು ಮುಚ್ಚಿಡದೆ ಹೇಳಿ, ಅದಕ್ಕೂ ರಕ್ಷಣೆ ಕೊಡುವ ಪಾಲಿಸಿಯನ್ನೇ ಕೊಳ್ಳಿ. ಯುರೋಪಿನ ಆಸ್ಪತ್ರೆಯ ಒಂದು ಬಿಲ್ಲಿನ ಮುಂದೆ ಆ ಹೆಚ್ಚುವರಿ ಪ್ರೀಮಿಯಂ ಏನೇನೂ ಅಲ್ಲ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದೆ. ಆಧಾರ್ ಮತ್ತು ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇದೆ. — ಹಾಸನ

ಹಳೆ ಮೈಸೂರು ಕಡೆಯ ಅರ್ಧದಷ್ಟು ಜನರ ಸಮಸ್ಯೆ ಇದು. ಅರ್ಜಿ, ಟಿಕೆಟ್, ಹೋಟೆಲ್, ವಿಮೆ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಬರಲಿ, ಆಧಾರಿನಂತೆ ಅಲ್ಲ. ಬ್ಯಾಂಕಿನಲ್ಲಿ ಇನಿಷಿಯಲ್ ಇದ್ದರೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಸಾಕಾಗುತ್ತದೆ, ಆದರೆ ಸಮಯವಿದ್ದರೆ ಬ್ಯಾಂಕಿನಲ್ಲೇ ತಿದ್ದಿಸುವುದು ಉತ್ತಮ. ಟಿಕೆಟ್ ತೆಗೆಯುವಾಗ ಸರ್‌ನೇಮ್ ಇಲ್ಲದೆ ಮುಂದೆ ಹೋಗಲು ವೆಬ್‌ಸೈಟ್ ಬಿಡುವುದಿಲ್ಲ. ಏನು ತುಂಬಬೇಕೆಂಬ ನಿಯಮ ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಅವರನ್ನೇ ಕೇಳಿ ಉತ್ತರವನ್ನು ಇಮೇಲಿನಲ್ಲಿ ಪಡೆದಿಟ್ಟುಕೊಳ್ಳಿ.

ಮುಂದೆಯೂ ವಿದೇಶಕ್ಕೆ ಹೋಗುವವರಾದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಅಮೆರಿಕದ ಅರ್ಜಿಯಲ್ಲಿ ಒಂದೇ ಹೆಸರಿನವರು ಅದನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ತುಂಬಬೇಕಾಗುತ್ತದೆ. ಯುಎಇ ಅಂತೂ ಭೇಟಿ ವೀಸಾಕ್ಕೆ ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಒಪ್ಪುವುದಿಲ್ಲವೆಂದು 2022ರ ನವೆಂಬರಿನಲ್ಲೇ ಪ್ರಕಟಿಸಿತು. ಸರಿಪಡಿಸುವುದನ್ನು ವೀಸಾ ಅರ್ಜಿಗೆ ಮೊದಲೇ ಮಾಡಿ, ನಡುವೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಎಲ್ಲ ಮತ್ತೆ ಮೊದಲಿನಿಂದ.

ಮದುವೆಯಾಗಿ ಹತ್ತು ದಿನಕ್ಕೆ ಬಯೋಮೆಟ್ರಿಕ್ ಇದೆ. ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಇದೆ, ಬದಲಿಸಬೇಕೇ? — ಬೆಳಗಾವಿ

ಬೇಡ. ವಿವಾಹ ನೋಂದಣಿ ಪ್ರಮಾಣಪತ್ರ ಸಾಕು. ಆದರೆ ಬೆರಳ ತುದಿಗೆ ಮೆಹಂದಿ ಹಾಕಿಸಿಕೊಳ್ಳಬೇಡಿ. ಬೆರಳಚ್ಚು ಯಂತ್ರ ಅದನ್ನು ಸರಿಯಾಗಿ ಓದದು, ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ತೋಟ, ಗಾರೆ, ಅಡುಗೆ ಕೆಲಸದಿಂದ ಬೆರಳು ಸವೆದವರು ಒಂದು ವಾರ ಮೊದಲಿನಿಂದ ರಾತ್ರಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಚರ್ಮ ಮೆದುಮಾಡಿಕೊಳ್ಳಿ, ಹೋಗುವ ದಿನ ಕೈ ತೊಳೆದು ಒರೆಸಿಕೊಂಡಿರಿ. ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳ ಒಳಗಿನ ಮುಂದಿನ ಅರ್ಜಿಗೂ ಬಳಸಬಹುದು.

ವೀಸಾ ನಿರಾಕರಿಸಿದರು. ‘ವಾಸ್ತವ್ಯದ ಉದ್ದೇಶ ಮತ್ತು ಷರತ್ತುಗಳ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ’ ಎಂಬ ಸಾಲಿಗೆ ಗುರುತು ಹಾಕಿದ್ದಾರೆ. ಬೇರೆ ದೇಶದ ಮೂಲಕ ಪ್ರಯತ್ನಿಸಲೇ? — ಬೆಂಗಳೂರು

ನಿಮ್ಮನ್ನು ಸುಳ್ಳುಗಾರರು ಎಂದಿಲ್ಲ, ಮೊದಲು ಆ ನೋವನ್ನು ಬದಿಗಿಡಿ. ಅದು ಎಲ್ಲರಿಗೂ ಕೊಡುವ ಮುದ್ರಿತ ನಮೂನೆ. ಈ ಸಾಲಿಗೆ ಗುರುತು ಬಿದ್ದರೆ ಸಾಮಾನ್ಯವಾಗಿ ದಿನಚರಿ, ಹೋಟೆಲ್, ಟಿಕೆಟ್, ರಜೆ ಪತ್ರ ಇವುಗಳ ನಡುವೆ ಎಲ್ಲೋ ಹೊಂದಾಣಿಕೆ ತಪ್ಪಿದೆ ಎಂದು ಹುಡುಕಬೇಕು. ಕಂಪನಿಯ ಪತ್ರದಲ್ಲಿ 10 ದಿನ ರಜೆ, ಟಿಕೆಟಿನಲ್ಲಿ 14 ದಿನ. ಬುಧವಾರ ರಾತ್ರಿಗೆ ಎಲ್ಲೂ ಹೋಟೆಲ್ ಇಲ್ಲ. ರೋಮ್‌ನಿಂದ ಜ್ಯೂರಿಕ್‌ಗೆ ಹೇಗೆ ಹೋಗುತ್ತೀರೆಂಬ ಮಾಹಿತಿಯೇ ಇಲ್ಲ. ಇಂಥವು. ಒಂದು ಹಾಳೆಯಲ್ಲಿ ದಿನಾಂಕ, ಊರು, ಮಲಗುವ ಜಾಗ, ಪ್ರಯಾಣದ ಬಗೆ ಎಂದು ನಾಲ್ಕು ಕಾಲಂ ಎಳೆದು ಹಳೆಯ ಕಡತವನ್ನು ತುಂಬಿ ನೋಡಿ, ಖಾಲಿ ಉಳಿಯುವ ಜಾಗ ತಾನಾಗಿ ಕಾಣುತ್ತದೆ.

ಬೇರೆ ದೇಶಕ್ಕೆ ಹಾಕಿದರೆ ಗೊತ್ತಾಗುವುದಿಲ್ಲ ಎಂಬುದು ತಪ್ಪು. ಅರ್ಜಿ ಮತ್ತು ನಿರಾಕರಣೆಯ ವಿವರ ಎಲ್ಲ ಷೆಂಗೆನ್ ದೇಶಗಳೂ ನೋಡುವ ಒಂದೇ ದತ್ತಾಂಶದಲ್ಲಿ ಐದು ವರ್ಷ ಇರುತ್ತದೆ. ಮುಂದೆ ಬ್ರಿಟನ್ ಅಥವಾ ಅಮೆರಿಕದ ಅರ್ಜಿಯಲ್ಲಿ ನಿರಾಕರಣೆಯ ಪ್ರಶ್ನೆ ಬಂದಾಗಲೂ ನಿಜವನ್ನೇ ಬರೆಯಿರಿ. ನಿರಾಕರಣೆಯನ್ನು ಮುಚ್ಚಿಡುವುದು ನಿರಾಕರಣೆಗಿಂತ ದೊಡ್ಡ ಕಳಂಕ.

ಮೇಲ್ಮನವಿಯ ಹಕ್ಕಿದೆ. ಯಾರಿಗೆ, ಎಷ್ಟು ದಿನದೊಳಗೆ ಎಂಬುದು ಅದೇ ಪತ್ರದಲ್ಲಿರುತ್ತದೆ. ಜರ್ಮನಿ ಮಾತ್ರ ಕಾನ್ಸುಲೇಟಿಗೇ ಆಕ್ಷೇಪಣೆ ಬರೆಯುವ ಕ್ರಮವನ್ನು 2025ರ ಜುಲೈ 1ರಿಂದ ನಿಲ್ಲಿಸಿದೆ, ಈಗ ಉಳಿದಿರುವುದು ನ್ಯಾಯಾಲಯ ಅಥವಾ ಹೊಸ ಅರ್ಜಿ. ಪ್ರವಾಸಿಗರಿಗೆ ಹೊಸ ಅರ್ಜಿಯೇ ಬೇಗ ಮುಗಿಯುವ ದಾರಿ. ಇಷ್ಟು ದಿನ ಕಾಯಬೇಕೆಂಬ ನಿಯಮವಿಲ್ಲ, ಆದರೆ ಅದೇ ಕಡತವನ್ನು ಮತ್ತೆ ಕೊಟ್ಟರೆ ಅದೇ ಉತ್ತರ ಬರುತ್ತದೆ. ಹಿಂದಿನ ನಿರಾಕರಣೆಯನ್ನು ಕವರಿಂಗ್ ಲೆಟರಿನಲ್ಲಿ ನೀವೇ ಉಲ್ಲೇಖಿಸಿ, ಈಗ ಏನು ಸರಿಪಡಿಸಿದ್ದೀರಿ ಎಂದು ಸ್ಪಷ್ಟವಾಗಿ ಬರೆಯಿರಿ.

ಒಂಬತ್ತು ವರ್ಷದ ಮಗಳನ್ನು ನಾನೊಬ್ಬಳೇ ಕರೆದುಕೊಂಡು ಹೋಗುತ್ತಿದ್ದೇನೆ. — ಶಿವಮೊಗ್ಗ

ತಂದೆಯ ಒಪ್ಪಿಗೆ ಪತ್ರ ಬೇಕು, ನೋಟರಿ ಮುಂದೆ ಸಹಿಯಾದದ್ದು, ಅವರ ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯ ಪ್ರತಿಯೊಂದಿಗೆ. ನೀವೊಬ್ಬರೇ ಪಾಲಕರಾಗಿದ್ದರೆ ಮರಣ ಪ್ರಮಾಣಪತ್ರ ಅಥವಾ ಮಗುವಿನ ಸುಪರ್ದಿ ನಿಮ್ಮದೆಂದು ಹೇಳುವ ನ್ಯಾಯಾಲಯದ ಆದೇಶ. ಜನನ ಪ್ರಮಾಣಪತ್ರ, ಶಾಲೆಯ ಪತ್ರ ಇರಲಿ. 12 ತುಂಬದ ಮಕ್ಕಳಿಂದ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ.

ದುಬೈನಲ್ಲಿ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗ ಬೆಂಗಳೂರಿನಲ್ಲಿ ಅರ್ಜಿ ಹಾಕಬಹುದೇ? — ದುಬೈನ ಓದುಗರು

ನೀವು ಎಲ್ಲಿಯ ಕಾಯಂ ನಿವಾಸಿಯೋ ಅಲ್ಲಿಯೇ ಹಾಕಬೇಕು, ಅಂದರೆ ದುಬೈನಲ್ಲಿ. ರಜೆಗೆ ಬಂದಿದ್ದೇನೆ ಎಂಬುದು ಕಾರಣವಾಗುವುದಿಲ್ಲ. ಯುಎಇ ವಾಸದ ಪರವಾನಗಿ ಯುರೋಪಿನಿಂದ ಮರಳಿದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಿ. ಪಾಸ್‌ಪೋರ್ಟಿನ ವಿಷಯದಲ್ಲೂ ಎಲ್ಲರಿಗೂ ಅದೇ ಮೂರು ತಿಂಗಳ ನಿಯಮ, ಜೊತೆಗೆ ಎರಡು ಖಾಲಿ ಪುಟ.

ವೀಸಾ ಬಂದಿದೆ. ಜೂನ್ 10ರಿಂದ ಜುಲೈ 6ರವರೆಗೆ ಎಂದಿದೆ, ಕೆಳಗೆ 12 ದಿನ ಎಂದಿದೆ. ಜುಲೈ 6ರವರೆಗೆ ಇರಬಹುದೇ? ನಡುವೆ ಲಂಡನ್‌ಗೆ ಹೋಗಿಬರಬಹುದೇ? — ಮಂಡ್ಯ

ಇರುವಂತಿಲ್ಲ. ಆ ಎರಡು ದಿನಾಂಕಗಳ ನಡುವೆ ಯಾವಾಗ ಬೇಕಾದರೂ ಹೋಗಬಹುದು, ಆದರೆ ಒಳಗಿರುವುದು 12 ದಿನ ಮಾತ್ರ. ವಿಮಾನ ತಡವಾದೀತೆಂದು 15 ದಿನ ಸಡಿಲ ಕೊಟ್ಟಿರುತ್ತಾರೆ, ಅದು ಹೆಚ್ಚುವರಿ ರಜೆಯಲ್ಲ. ಎಂಟ್ರಿಗಳ ಸಂಖ್ಯೆ 01 ಎಂದಿದ್ದರೆ ಲಂಡನ್‌ಗೆ ಹೋದ ಕ್ಷಣ ವೀಸಾ ಮುಗಿಯಿತು, ಮತ್ತೆ ಪ್ಯಾರಿಸ್‌ಗೆ ಬರಲಾಗದು. 02 ಅಥವಾ ‘ಮಲ್ಟ್’ (ಹಲವು ಬಾರಿ ಪ್ರವೇಶ) ಎಂದಿರಬೇಕು. ಸ್ಟಿಕರಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ತಪ್ಪಿದ್ದರೆ ಅಂದೇ ಅರ್ಜಿ ಕೇಂದ್ರಕ್ಕೆ ತಿಳಿಸಿ.

ದಿನ ಎಣಿಸುವಾಗ ಇಳಿದ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಜೂನ್ 10ಕ್ಕೆ ಇಳಿದರೆ 21 ನಿಮ್ಮ ಕೊನೆಯ ದಿನ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಲ್ಲಿ ಮೊಹರಿನ ಬದಲು ಪ್ರವೇಶ-ನಿರ್ಗಮನಗಳನ್ನು ಕಂಪ್ಯೂಟರೇ ದಾಖಲಿಸುತ್ತದೆ, ಒಂದು ದಿನ ಮೀರಿದರೂ ಸಿಕ್ಕಿಬೀಳುತ್ತದೆ. ಆದ್ದರಿಂದ ಜೂನ್ 22ರ ಬೆಳಗಿನ ಜಾವ ಒಂದು ಗಂಟೆಯ ವಿಮಾನ ಅಗ್ಗವೆಂದು ತೆಗೆಯಬೇಡಿ, 21ರ ಮಧ್ಯಾಹ್ನದ್ದನ್ನೇ ತೆಗೆಯಿರಿ.